ಯಾರ ಪೈಕಿಯೂ ಅಲ್ಲದ ಬೇಸಿಗೆ

ಮೆಹದಿಪಟ್ಟಣಂ ಬಸ್ಸು ನಿಲ್ದಾಣದ ಹಿಂದಿನ ಸಾಲಿನಲ್ಲಿ, ಬೇಸಿಗೆ ಬಲಿಯುವ ಮುಂಚೆ, ಕೂಲರ್ ರಿಪೇರಿಯವರು ಅಂಗಡಿಯ ಹೊರಗೇ ಕುಳಿತು ಹಳೆಯ ಹುಲ್ಲು ಕಿತ್ತು ಹೊಸದು ತುಂಬುತ್ತಿರುತ್ತಾರೆ. ಮೊನ್ನೆ ಆ ದಾರಿಯಲ್ಲಿ ಬರುತ್ತಿದ್ದಾಗ ಒಬ್ಬಾತ ಆಗತಾನೇ ಕಟ್ಟಿ ಮುಗಿಸಿದ ಲಾವಂಚದ ಬೇರಿನ ಮೇಲೆ ಒಂದು ಮಗ್ ನೀರು ಎರಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎಲ್ಲಿಗೆ ಹೊರಟಿದ್ದೆ ಎಂಬುದೇ ಮರೆತುಹೋಯಿತು. ಉಪ್ಪಲ್ ಕಡೆಯ ಬಸ್ಸು ಎದುರಿಗೇ ಬಂದು ನಿಂತಿತು, ಹೊರಟೂ ಹೋಯಿತು. ನಾನು ಮಾತ್ರ ನಾರಾಯಣಗೂಡದ ಗಂಗತ್ತಿಯ ಮನೆಯಲ್ಲಿ, ಕೂಲರಿನ ಎದುರು, ಒಂದು ಹಳೆಯ ಬೇಸಿಗೆಯ ಮಧ್ಯಾಹ್ನದಲ್ಲಿದ್ದೆ.

ಗಂಗತ್ತಿ ನನ್ನ ಅಪ್ಪನ ಅಕ್ಕ. ಆ ವರ್ಷ ನಾನು ನಾರಾಯಣಗೂಡದ ಒಂದು ಕೋಚಿಂಗ್ ಸೆಂಟರಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡಲು ಕಲಬುರ್ಗಿಯಿಂದ ಬಂದವಳು, ಬಾಡಿಗೆ ಮನೆ ಹುಡುಕುತ್ತೇನೆ ಎಂದಾಗ ಗಂಗತ್ತಿ ನನ್ನ ಚೀಲವನ್ನು ಒಳಗಿಟ್ಟು ಬಾಗಿಲು ಹಾಕಿಕೊಂಡರು. ಅವರ ಮನೆಯವರು, ನಮ್ಮ ಮಾಮಾ, ನೀರಾವರಿ ಇಲಾಖೆಯಲ್ಲಿದ್ದವರು, ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅತ್ತಿಯೂ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾಗಿದ್ದರು. ಹಾಗೆಂದು ಮನೆ ಭಣಗುಡುತ್ತಿತ್ತು ಎಂದುಕೊಳ್ಳಬೇಡಿ. ಅಲ್ಲಿ ಯಾವಾಗಲೂ ಯಾರಾದರೂ ಬಂದಿರುತ್ತಿದ್ದರು, ಯಾರಾದರೂ ಹೊರಟಿರುತ್ತಿದ್ದರು, ಚಹಾದ ಪಾತ್ರೆ ಒಲೆಯಿಂದ ಇಳಿದದ್ದನ್ನು ನಾನು ನೋಡಿದ್ದು ಕಡಿಮೆ.

ಹೀಗೆ ಬರುವವರಲ್ಲಿ ಮೊದಲಿಗ ಚನ್ನಣ್ಣ, ನನ್ನ ದೊಡ್ಡಪ್ಪನ ಮಗ. ಆಡಿಟ್ ಕೆಲಸ ಮಾಡಿ ನಿವೃತ್ತನಾಗಿದ್ದ, ಆಡಿಟ್ ಅವನಿಂದ ನಿವೃತ್ತವಾಗಿರಲಿಲ್ಲ. ನಮ್ಮ ಜನ ಈ ಊರಿಗೆ ಬಂದು ಮೂರು ತಲೆಮಾರಾದವು. ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಹೊಸ್ತಿಲು ದಾಟಿದ ಮೇಲೆ ಕನ್ನಡ. ಹಾಗಾಗಿ ಹೊರಗೆ ಎಲ್ಲಾದರೂ ಒಂದು ಕನ್ನಡದ ಮಾತು ಕಿವಿಗೆ ಬಿದ್ದರೆ ನಮ್ಮವರು ತಡೆದುಕೊಳ್ಳಲಾರರು. ಮೊದಲ ಪ್ರಶ್ನೆ "ಯಾವೂರ್ರಿ?", ಎರಡನೆಯದು "ಯಾರ ಪೈಕಿ?". ಯಾರ ಮಗ, ಯಾರ ಮೊಮ್ಮಗಳು, ಯಾವ ಮನೆಗೆ ಬೀಗರು ಎಂಬುದು ತಿಳಿಯುವವರೆಗೆ ಎದುರಿನ ಮನುಷ್ಯ ಇನ್ನೂ ಪೂರ್ತಿ ಕಾಣಿಸಿಲ್ಲ ಎಂದೇ ಲೆಕ್ಕ. ಚನ್ನಣ್ಣನಂತೂ ಮೆಟ್ರೋದಲ್ಲಿ ಯಾರೋ ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ, ತನ್ನ ನಿಲ್ದಾಣ ಬಿಟ್ಟು ಅವರ ನಿಲ್ದಾಣದಲ್ಲಿ ಇಳಿದು, ಅವರ ಅಜ್ಜಿಯ ತಂಗಿ ನಮ್ಮ ಮನೆಯ ಸೊಸೆ ಎಂದು ಸಾಬೀತು ಮಾಡಿಯೇ ವಾಪಸ್ಸು ಬಂದವನು. ನಮ್ಮವರ ಚಾಟ್ ಗುಂಪನ್ನು ನಡೆಸುತ್ತಿದ್ದವನೂ ಅವನೇ. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ತೊಟ್ಟಿಲಿಗಿಂತ ಮೊದಲು ಆ ಗುಂಪಿಗೆ ಬರುತ್ತಿತ್ತು.

ನಾನು ಆಗ ಇನ್ನೊಂದು ಗುಂಪಿನಲ್ಲಿದ್ದೆ. ಕನ್ನಡದ್ದೇ, ಆದರೆ ಪೂರ್ತಿ ಉಲ್ಟಾ. ಅಲ್ಲಿ ಜನ ತಮ್ಮ ತಲೆಯ ಮೇಲಿನ ಆಕಾಶ ಹೇಗಿದೆ ಎಂಬುದನ್ನು ಮಾತ್ರ ಬರೆಯಬೇಕು, ಫೋಟೋ ಹಾಕುವುದಿದ್ದರೂ ಆಕಾಶದ್ದೇ. ಹೆಸರು, ಊರು, ಫೋನ್ ನಂಬರು ಯಾವುದನ್ನೂ ಹೇಳಬಾರದು, ಕೇಳಬಾರದು. ಈ ನಿಯಮ ಮಾಡಿದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ಅದೂ ನಿಯಮದ ಪ್ರಕಾರವೇ. ಯುಗಾದಿ ಮುಗಿದ ವಾರ, ಒಂದು ಮಧ್ಯಾಹ್ನ, ಕೂಲರಿನ ಎದುರು ಚಾಪೆ ಹಾಸಿಕೊಂಡು ಮಲಗಿ ಅದನ್ನು ನೋಡುತ್ತಿದ್ದೆ. ಗಂಗತ್ತಿ ಬಗ್ಗಿ ನೋಡಿದರು.

"ಇದೇನ ವಿಜಿ, ಬರೀ ಮೋಡದ ಫೋಟೋ ನೋಡಾಕತ್ತೀಯಲ್ಲ?"

"ಆಕಾಶ ನೋಡವರ ಗುಂಪ್ರಿ ಅತ್ತಿ. ಇವತ್ತ ತಮ್ಮಲ್ಲಿ ಆಕಾಶ ಹೆಂಗೈತಿ ಅಂತ ಬರೀತಾರ, ಅಷ್ಟ."

"ಯಾರ್ಯಾರ ಅದಾರ ಇದರಾಗ?"

"ಅದು ಗೊತ್ತಾಗಂಗಿಲ್ರಿ. ಯಾರೂ ಹೆಸರ ಹೇಳಂಗಿಲ್ಲ."

"ಯಾರ ಪೈಕಿ ಅಂತನೂ ಕೇಳಂಗಿಲ್ಲ?"

"ಕೇಳಿದ್ರ ಗುಂಪಿನಿಂದ ತಗದ ಬಿಡ್ತಾರ."

ಅತ್ತಿ ಚಾಪೆಯ ಅಂಚಿಗೆ ಬಂದು ಕುಳಿತರು. ಕೂಲರಿನಿಂದ ಹನಿ ಬೀಳುವ ಸದ್ದು ಕೇಳುತ್ತಿತ್ತು. ಆಮೇಲೆ, "ನನ್ನೂ ಸೇರಸು" ಎಂದರು.

ಸೇರಲು ಒಂದು ಬೇರೆ ಹೆಸರು ಬೇಕಾಗಿತ್ತು. ಅತ್ತಿ ಗೋಡೆಯತ್ತ ನೋಡಿದರು. ಮಾಮಾನ ಕೋಟು ತೂಗುತ್ತಿದ್ದ, ಗಿಳಿಯ ಆಕಾರದಲ್ಲಿ ಕೆತ್ತಿದ ಮರದ ಗೂಟ ಅಲ್ಲಿತ್ತು, ಈಗ ಅದರ ಮೇಲೆ ಕಾಯಿಪಲ್ಲೆ ತರುವ ಕೈಚೀಲ. "ಗಿಳಿಗೂಟ ಅಂತ ಬರಿ" ಎಂದರು. ಹಾಗೆ ಅವರು ಗಿಳಿಗೂಟವಾದರು. ನಂಬರು ಯಾರಿಗೂ ಕಾಣದಂತೆ ಮಾಡಿದೆ. ಮುಖದ ಫೋಟೋ ಬೇಡ ಎಂದೆ. ಯಾವ ಹೊತ್ತಿಗೆ ಚಾಟಿಗೆ ಬಂದು ಹೋದರು ಎಂಬುದನ್ನು ಮರೆಮಾಡಿದೆ. "ಅಂದ್ರ ಕಿಡಕಿಗಿ ಪರದಾ" ಎಂದು ಅತ್ತಿ ಅರ್ಥ ಮಾಡಿಕೊಂಡರು. ಕ್ಯಾಮೆರಾದಲ್ಲಿ ಜಾಗದ ಗುರುತು ಕೂಡುವುದನ್ನು ನಿಲ್ಲಿಸಿದಾಗ ಮಾತ್ರ ಅವರಿಗೆ ಬಗೆಹರಿಯಲಿಲ್ಲ.

"ಫೋಟೋದಾಗ ಆಕಾಶ ಅಷ್ಟ ಇರತೈತಲ್ಲ, ಅದರಾಗ ನಾರಾಯಣಗೂಡ ಎಲ್ಲಿ ಬಂತು?"

"ಫೋಟೋದ ಬೆನ್ನಿಗಿ ಕಾಣದಂಗ ಬರದಿರತೈತ್ರಿ, ಎಲ್ಲಿ ತಗದಿದ್ದು ಅಂತ. ಬಲ್ಲವರು ಓದತಾರ."

"ಅಬ್ಬಾ, ಮೋಡಕ್ಕೂ ವಿಳಾಸ ಹಚ್ಚತಾರ" ಎಂದು ಅದನ್ನೂ ಒಪ್ಪಿದರು. ಕಡೆಗೆ ಪಿನ್ ಹಾಕಿಸಿ, ಇದನ್ನೂ ಫೋನಿಗೆ ಬರುವ ಅಂಕಿಗಳನ್ನೂ ಯಾರಿಗೂ ಹೇಳಬಾರದು, ನನಗೂ ಹೇಳಬಾರದು ಎಂದೆ. "ನಿನಗೂ ಇಲ್ಲ?" ಎಂದು ಕೇಳಿದರು. ನಾನು ಗೋಡೆಯ ಕಡೆ ತಿರುಗಿ ಕುಳಿತೆ. ಅವರು ತಮ್ಮ ಪಿನ್ ತಾವೇ ಒತ್ತಿ, ಒತ್ತಿದ ಮೇಲೆ ಫೋನನ್ನು ಸೆರಗಿನಲ್ಲಿ ಒರೆಸಿದರು. ಇಷ್ಟು ಸಣ್ಣ ಗುಟ್ಟು ಒಬ್ಬರನ್ನು ಅಷ್ಟು ಎಳೆಯರಂತೆ ಕಾಣಿಸಬಲ್ಲದು ಎಂದು ನನಗೆ ಗೊತ್ತಿರಲಿಲ್ಲ.

ಗುಂಪಿನಲ್ಲಿ ಒಳ್ಳೆಯವರಷ್ಟೇ ಇದ್ದರು ಎನ್ನಲಾರೆ. ಒಂದು ದಿನ ಒಬ್ಬ ತಾನೇ ಗುಂಪಿನ ಮೇಲ್ವಿಚಾರಕ ಎಂದು ಹೇಳಿಕೊಂಡು ಅತ್ತಿಗೆ ಪ್ರತ್ಯೇಕವಾಗಿ ಬರೆದ. ನಿಮ್ಮ ಖಾತೆ ಇವತ್ತು ನಿಂತುಹೋಗುತ್ತದೆ, ಈಗ ಫೋನಿಗೆ ಬಂದ ಅಂಕಿ ಬೇಗ ಹೇಳಿ ಎಂದ. ಅತ್ತಿ ಸಾವಕಾಶ ಉತ್ತರ ಬರೆದರು: "ಯಾವೂರ್ರಿ ನಿಮ್ದು? ತಂದಿಯವರ ಹೆಸರೇನು? ಯಾರ ಪೈಕಿ ಅಂತ ಹೇಳ್ರಿ ಮೊದಲ. ಮದಿವಿ ಆಗೇತಿಲ್ಲ?" ಆ ಮನುಷ್ಯ ಮತ್ತೆ ಕಾಣಿಸಲಿಲ್ಲ. "ಹೋದಾ ಪಾಪ, ಮದಿವಿ ಆಗಿರಲಿಕ್ಕಿಲ್ಲ" ಎಂದು ಅತ್ತಿ ಅವನನ್ನು ಫೋನಿನಿಂದಲೂ ಮನಸ್ಸಿನಿಂದಲೂ ತೆಗೆದುಹಾಕಿದರು.

ಹಿತ್ತಲಬಾಗಿಲು ಎಂಬ ಹೆಸರಿನವರು ಬಂದದ್ದು ಆ ದಿನಗಳಲ್ಲೇ. ಅವರ ಮೊದಲ ಮಾತು ನನಗೆ ನೆನಪಿದೆ. "ನಮ್ಮಲ್ಲಿ ಇವತ್ತ ಆಕಾಶ ತೊಳದಿಟ್ಟ ಪರಾತದಂಗ ಐತ್ರಿ" ಎಂದು ಗುಂಪಿನಲ್ಲಿ ಬರೆದಿದ್ದರು. ಅತ್ತಿ ಮಾಳಿಗೆಗೆ ಹೋಗಿ ತಲೆಯೆತ್ತಿ ನೋಡಿ, ಕೆಳಗಿಳಿದು ಬಂದು, "ನಮ್ಮ ಪರಾತಕ್ಕ ಇನ್ನೂ ಹಿಟ್ಟು ಹತ್ತೇತ್ರಿ" ಎಂದು ಉತ್ತರ ಕೊಟ್ಟರು. ಹಿಟ್ಟು ನಾದಿದ ಅಗಲ ತಟ್ಟೆಯ ಹಾಗೆ, ಪಡುವಣದ ಅಂಚಿಗೆ ಅಲ್ಲಲ್ಲಿ ಬಿಳಿ ಮೋಡ ಅಂಟಿಕೊಂಡಿತ್ತು, ನಿಜ. ಮರುದಿನದಿಂದ ಇಬ್ಬರೂ ಗುಂಪಿನ ಹೊರಗೆ, ತಮ್ಮ ಪಾಡಿಗೆ ತಾವು ಬರೆದುಕೊಳ್ಳತೊಡಗಿದರು.

ಆ ಬೇಸಿಗೆಯನ್ನು ನೆನೆದರೆ ನನಗೆ ಎರಡೇ ಹೊತ್ತು ಕಾಣುತ್ತವೆ. ಒಂದು, ಮಧ್ಯಾಹ್ನ. ಹೊರಗೆ ಡಾಂಬರು ಮೆತ್ತಗಾಗಿದೆ, ಒಳಗೆ ಕೂಲರು ಒಂದೇ ಸಮ ಗುನುಗುತ್ತಿದೆ, ಲಾವಂಚದ ವಾಸನೆ ಚಾಪೆಗೆ, ತಲೆದಿಂಬಿಗೆ, ಕನಸಿಗೆ ಹತ್ತಿದೆ. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಆ ಮಂಪರಿನ ನಡುವೆ ಅತ್ತಿಯ ಫೋನು ಟಿಣ್ ಎನ್ನುತ್ತದೆ, ಅತ್ತಿ ಕಣ್ಣು ತೆರೆಯದೆಯೇ ನಗುತ್ತಾರೆ. ಇನ್ನೊಂದು, ಸಂಜೆ. ಮಾಳಿಗೆಯ ಮೇಲೆ ನೀರು ಚೆಲ್ಲಿ ಕಾವು ಇಳಿಸಿ ನಾವಿಬ್ಬರೂ ಕೂರುತ್ತೇವೆ. ಸುತ್ತ ಕೋಚಿಂಗ್ ಸೆಂಟರುಗಳ ದೊಡ್ಡ ಫಲಕಗಳು, ರ‍್ಯಾಂಕು ಬಂದ ಮಕ್ಕಳ ಮುಖಗಳು, ತಂತಿಗೆ ಸಿಕ್ಕಿಕೊಂಡ ಸಂಕ್ರಾಂತಿಯ ಗಾಳಿಪಟಗಳ ಬಾಲ. ಅದೆಲ್ಲದರ ಮೇಲೆ ಆಕಾಶ ಕೇಸರಿಯಾಗಿ, ಆಮೇಲೆ ನೇರಳೆ ಹಣ್ಣು ಒರೆಸಿದಂತಾಗಿ, ಆಮೇಲೆ ಏನೂ ಅಲ್ಲದ ಬಣ್ಣವಾಗುತ್ತದೆ. ಆ ಏನೂ ಅಲ್ಲದ ಬಣ್ಣಕ್ಕೆ ಹೆಸರು ಹುಡುಕುತ್ತ ಅತ್ತಿ ಒಂದೊಂದೇ ಅಕ್ಷರ ಒತ್ತುತ್ತಾರೆ. ಆ ಕಡೆಯಿಂದಲೂ ಯಾರೋ ಅಷ್ಟೇ ನಿಧಾನವಾಗಿ ಒತ್ತುತ್ತಿದ್ದಾರೆ.

ಆಕಾಶದಿಂದ ಮಾತು ಕೆಳಗೂ ಇಳಿಯಿತು. ಹಿತ್ತಲಬಾಗಿಲಿನವರು ತಮ್ಮ ಬಾಲ್ಯದ ಮನೆಯ ಬಗ್ಗೆ ಬರೆಯುತ್ತಿದ್ದರಂತೆ. ಹಿಂದಿನ ಬಾಗಿಲು ತೆರೆದರೆ ಕೋಟೆಯ ಕಂದಕ, ಕಂದಕದಲ್ಲಿ ತಾವರೆ, ಅದರಾಚೆ ಸಂಜೆಯ ರೈಲು. ಅತ್ತಿ ಬರೆದದ್ದೇನು ಎಂದು ನನಗೆ ಗೊತ್ತಿಲ್ಲ. ಅವರಾಗಿ ಹೇಳಿದ್ದು ಒಂದೇ ಸಲ, ಹುಣಿಸೆಹಣ್ಣು ಬಿಡಿಸುತ್ತ ಕುಳಿತಿದ್ದಾಗ.

"ಇವತ್ತ ಒಂದ್ ಮಾತ್ ಬರದೆ ವಿಜಿ. ನಿಮ್ಮ ಮಾಮಾ ಸತ್ತ ದಿನದ್ದು. ಯಾರಿಗೂ ಹೇಳಿದ್ದಿಲ್ಲ."

ನಾನು ಏನೆಂದು ಕೇಳಲಿಲ್ಲ. ಅವರೇ ಮುಂದುವರಿಸಿದರು.

"ನಾ ಹುಟ್ಟಿದಾಗ ವಕೀಲರ ಮಗಳು. ಆಮ್ಯಾಲ ಇಂಜಿನೀಯರ್ ಸಾಹೇಬರ ಹೆಂಡತಿ. ಈಗ ನಿಮ್ಮೆಲ್ಲಾರ ಅತ್ತಿ. ಛಲೋನ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಮ್ಯಾಲ ನೋಡಿದ್ರ ನಿನಗೇನ ಕಾಣತೈತಿ ಅಂತ ಕೇಳಿದವರು ಇವರೊಬ್ಬರ ನೋಡು. ನಾ ಯಾರ ಪೈಕಿ ಅಂತ ಇವರಿಗಿ ಗೊತ್ತಿಲ್ಲ. ಗೊತ್ತಾದ್ರ ನಾ ಬರಿಯಂಗಿಲ್ಲ."

ಅಂದರೆ ಅದು, ನಮ್ಮ ಯಾವ ಮದುವೆಗೂ, ಯಾವ ತೊಟ್ಟಿಲಿಗೂ ಎಂದೂ ಬರದವರಿಗೆ ಮಾತ್ರ ಹೇಳಬಹುದಾದ ಮಾತು. ಹೆಸರು ಬಂದರೆ ಮನೆತನ ಬರುತ್ತದೆ, ಮನೆತನ ಬಂದರೆ ಊಟದ ಪಂಕ್ತಿ ಬರುತ್ತದೆ, ಆ ಪಂಕ್ತಿಯಲ್ಲಿ ಎದುರು ಕುಳಿತವರ ಮುಂದೆ ಅತ್ತಿ ಮತ್ತೆ ಸೆರಗು ಸರಿಮಾಡಿಕೊಳ್ಳಬೇಕಾಗುತ್ತದೆ. ಅವರಿಗೆ ಬೇಕಾಗಿದ್ದದ್ದು ಒಂದೇ, ಆ ಸ್ನೇಹಕ್ಕೆ ಹೆಸರು ಬಾರದೆ ಇರುವುದು. ಹೊರಗಿನ ಕಳ್ಳರಿಗೆಲ್ಲ ನಾವು ಅಗಳಿ ಹಾಕಿದ್ದೆವು. ಒಳಗಿನ ಮನುಷ್ಯರ ಬಗ್ಗೆ ಇಬ್ಬರಿಗೂ ಯೋಚನೆ ಬಂದಿರಲಿಲ್ಲ.

ವೈಶಾಖದಲ್ಲಿ ಪರೀಕ್ಷೆಯ ಕೆಲಸಕ್ಕೆಂದು ನನ್ನನ್ನು ವಾರಂಗಲ್ಲಿಗೆ ಕಳಿಸಿದರು. ನಾನಿಲ್ಲದಾಗ ಬಸವ ಜಯಂತಿ ಬಂತು. ನಮ್ಮವರ ಕಾರ್ಯಕ್ರಮದಲ್ಲಿ ಅತ್ತಿ ತೆಗೆದ ಫೋಟೋಗಳಿಂದ ಫೋನು ತುಂಬಿಹೋಗಿ ಹೊಸದೇನೂ ಹಿಡಿಯದಾಯಿತು. ಸಹಜವಾಗಿಯೇ ಚನ್ನಣ್ಣನ ಕೈಗೆ ಕೊಟ್ಟರು. ಅವನು ಫೋಟೋಗಳನ್ನು ಗುಂಪಿಗೆ ಹಾಕಲು ಅನುಕೂಲವಾಗಲೆಂದು, ಅತ್ತಿಯ ಕೈಯಿಂದಲೇ ಪಿನ್ ಒತ್ತಿಸಿ, ಅವರ ಚಾಟನ್ನು ತನ್ನ ಮನೆಯ ಕಂಪ್ಯೂಟರಿಗೆ ಜೋಡಿಸಿದ. ಪರದೆಯ ಮೇಲೆ ಮೂಡುವ ಚೌಕುಳಿ ಚಿತ್ರಕ್ಕೆ ಫೋನು ಹಿಡಿದರೆ ಮುಗಿಯಿತು, ಅಷ್ಟು ಸುಲಭ. ಫೋಟೋ ಇಳಿಸಿಕೊಂಡ, ಫೋನು ಹಿಂದಿರುಗಿಸಿದ, ಜೋಡಣೆ ಕಳಚುವುದನ್ನು ಬಿಟ್ಟ. ಆಮೇಲೆ ಅತ್ತಿಗೆ ಬರುವ ಒಂದೊಂದು ಮಾತೂ ಚನ್ನಣ್ಣನ ಮೇಜಿನ ಮೇಲೂ ಬರತೊಡಗಿತು. ಇದು ನಮಗೆ ತಿಳಿದದ್ದು ನಾನು ವಾರಂಗಲ್ಲಿನಿಂದ ಮರಳಿದ ಮೇಲೆ, ಉಪ್ಪಿನಕಾಯಿ ಹಾಕುವ ದಿನ.

ಮಾವಿನಕಾಯಿ ಬಲಿತಾಗ ಇಡೀ ಬಳಗ ಗಂಗತ್ತಿಯ ಮನೆಯಲ್ಲಿ ಸೇರಿ ವರ್ಷದ ಉಪ್ಪಿನಕಾಯಿ ಹಾಕುವುದು ರೂಢಿ. ಅದು ತೆಲುಗರ ಆವಕಾಯಿಯೂ ಅಲ್ಲ, ನಮ್ಮ ಊರ ಕಡೆಯದೂ ಅಲ್ಲ, ಸಾಸಿವೆ ಇವರದು, ಕುಸುಬಿ ಎಣ್ಣೆ ನಮ್ಮದು. ಮಾರ್ಕೆಟ್ಟಿನಲ್ಲಿ ಓಟೆಸಮೇತ ಹೊಡೆಸಿ ತಂದ ಹೋಳುಗಳನ್ನು ಒರೆಸಿ ಹಾಸಿದ್ದೆವು. ನಡುಮನೆಯಲ್ಲಿ ದೊಡ್ಡ ಪರಾತ, ಅದರ ಮುಂದೆ ಅತ್ತಿ, ಮೊಣಕೈವರೆಗೆ ಖಾರದ ಪುಡಿ, ಎಣ್ಣೆ. ಕಲಸುವುದು ಅವರೊಬ್ಬರೇ, ಬೇರೆಯವರ ಕೈ ತಾಕಿದರೆ ಕೆಡುತ್ತದೆ ಎಂದು ಎಲ್ಲರ ನಂಬಿಕೆ. ಚನ್ನಣ್ಣನ ಹೆಂಡತಿ ಶಶಿ ವೈನಿ ಭರಣಿ ಒರೆಸುತ್ತಿದ್ದರು, ನಾನು ಅತ್ತಿಯ ಹಿಂದೆ ನಿಂತು ಎಣ್ಣೆ ಸುರಿಯುತ್ತಿದ್ದೆ. ಉಳಿದವರು ಇನ್ನೂ ಬರಬೇಕಿತ್ತು, ಆಗ ಚನ್ನಣ್ಣ ಬಂದ. ಅವನ ಮುಖ ನೋಡಿದರೆ ಯಾರಿಗೋ ಹೆಣ್ಣು ಗೊತ್ತಾಗಿದೆ ಅನ್ನಿಸುವ ಹಾಗಿತ್ತು.

"ಅತ್ತಿ, ನಿಮ್ಮ ಹಿತ್ತಲಬಾಗಲಾ ಸಿಕ್ಕಾರ್ರಿ" ಎಂದ.

ಅತ್ತಿಯ ಕೈ ಪರಾತದಲ್ಲೇ ನಿಂತಿತು. "ಅಂದ್ರ?"

"ನಾ ಓದಬೇಕಂತ ಓದಲಿಲ್ರಿ, ಕಂಪ್ಯೂಟರಿನ್ಯಾಗ ತಾನ ಬರಾಕತ್ತಿತ್ತು, ಕಣ್ಣಿಗಿ ಬಿತ್ತು. ಕಂದಕದಾಗ ತಾವರಿ ಅಂದ್ರ ಯಾವ ಊರು ಅಂತ ಗೊತ್ತಾಗಂಗಿಲ್ಲೇನು? ಕಂದಕಕ್ಕ ಹಿತ್ತಲ ಇರೂ ಮನಿಗೋಳು ಎಷ್ಟ ಅದಾವು? ಕಣ್ಣಿನ ಆಪರೇಷನ್ ಆಗೇತಿ ಅಂತ ಬರದಿದ್ರು. ರಾಯಚೂರಿಗಿ ಫೋನ್ ಹಚ್ಚಿದೆ, ಬೀದರಿಗಿ ಹಚ್ಚಿದೆ. ಎರಡ ದಿನದಾಗ ಬರೋಬರ್ ಕೂತಿತು ಲೆಕ್ಕ. ಅತ್ತಿ, ಅವರು ಪರಕೀಯರಲ್ರಿ, ನಮ್ಮವರ ಅದಾರ. ನಮ್ಮ ಬೀಗರ ಪೈಕಿ. ಅವರ ಹೆಸರು..."

"ಹೇಳಬ್ಯಾಡ ಚನ್ನ."

"ಅಯ್ಯ, ಕೇಳ್ರಿ ಇಲ್ಲೆ, ಖುಷಿ ಪಡ್ತೀರಿ..."

ಅತ್ತಿ ಕೈಯೆತ್ತಿದರು, ಕಿವಿ ಮುಚ್ಚಿಕೊಳ್ಳಲು. ಎರಡೂ ಕೈಗೆ ಖಾರ. ಗಾಳಿಯಲ್ಲಿ ಹಾಗೇ ಹಿಡಿದುಕೊಂಡು, ತಿರುಗದೆ, "ವಿಜಿ, ನನ್ನ ಕಿವಿ ಮುಚ್ಚು" ಎಂದರು.

ನಾನು ಎಣ್ಣೆಯ ಪಾತ್ರೆ ಕೆಳಗಿಟ್ಟೆ. ಹಿಂದಿನಿಂದ ಬಗ್ಗಿ ನನ್ನ ಎರಡೂ ಅಂಗೈಯಿಂದ ಅವರ ಕಿವಿಗಳನ್ನು ಒತ್ತಿ ಹಿಡಿದೆ. ಅವರು ಕಣ್ಣನ್ನೂ ಮುಚ್ಚಿಕೊಂಡು ಮೆಲ್ಲಗೆ ಏನೋ ಗುನುಗತೊಡಗಿದರು, ಆ ನಡುಕ ನನ್ನ ಕೈಗೆ ತಾಕುತ್ತಿತ್ತು. ಚನ್ನಣ್ಣನ ಬಾಯಿಗೆ ಅಷ್ಟು ಹೊತ್ತಿಗೆ ಮಾತು ಬಂದಾಗಿತ್ತು. ಬಂದ ಮಾತನ್ನು ನುಂಗುವ ಅಭ್ಯಾಸ ಅವನಿಗಿಲ್ಲ. ಹೆಸರು ಹೇಳಿದ, ಮನೆತನ ಹೇಳಿದ, ನಮಗೆ ಏನಾಗಬೇಕು ಎಂಬುದನ್ನೂ ಹೇಳಿಬಿಟ್ಟ. ಶಶಿ ವೈನಿಯ ಕೈಯಲ್ಲಿ ಭರಣಿ ಹಾಗೇ ಉಳಿಯಿತು. ಕೂಲರು ಗುನುಗುತ್ತಿತ್ತು, ಅತ್ತಿ ಗುನುಗುತ್ತಿದ್ದರು. ನಾನು ಅಂಗೈ ಸಡಿಲಿಸುವ ಮುಂಚೆ ಅವನಿಗೆ ಸಾಕು ಎಂದು ಕಣ್ಸನ್ನೆ ಮಾಡಿದೆ.

ಅತ್ತಿ ಕಣ್ಣು ತೆರೆದು, "ಅವರಿಗಿ ನನ್ನ ಹೆಸರ ಹೇಳಿಯೇನು?" ಎಂದು ಕೇಳಿದರು.

ಚನ್ನಣ್ಣನ ಮುಖ ಆಗ ಸ್ವಲ್ಪ ಇಳಿದಿತ್ತು. "ಫೋನ್ ಮಾಡಿದ್ದೆರಿ ನಿನ್ನಿ. ನಿಮ್ಮ ಹೆಸರ ಹೇಳಿದ ಕೂಡಲೇ ಅವರೂ ತಿರುಗಿ ಅಂದ್ರು, ಗಂಗಮ್ಮ, ಅಂತ. ನಿಮ್ಮ ತಂದಿಯ ಹೆಸರೂ ಅಂದ್ರು. ಆಮ್ಯಾಲ ಯಾಕೋ ಸುಮ್ಮನಾದ್ರು." ಮತ್ತೆ ತನ್ನಷ್ಟಕ್ಕೆ ಎಂಬಂತೆ, "ಪರಕೀಯರ ಕೂಡ ಮಾತಾಡಾಕತ್ತೀರಂತ ಫಿಕರ್ ಆಗಿತ್ತು ನನಗ. ನಮ್ಮವರ ಅಂತ ಗೊತ್ತಾಗಿ ಜೀವಕ್ಕ ಸಮಾಧಾನ ಆತು" ಎಂದ.

"ಪರಕೀಯರಂತನ ಮಾತಾಡ್ತಿದ್ನೆಪಾ" ಎಂದರು ಅತ್ತಿ.

ಜೋರು ಮಾಡಲಿಲ್ಲ, ಅಳಲಿಲ್ಲ. ಮತ್ತೆ ಕಲಸತೊಡಗಿದರು. ಹೋಳುಗಳು ಕೆಂಪಾಗುತ್ತ ಹೋದವು. ಶಶಿ ವೈನಿ ಉಪ್ಪು ನೋಡಿ ಸರಿಯಾಗಿದೆ ಎಂದರು. ಭರಣಿಗಳು ತುಂಬಿದವು, ಬಿಳಿ ಬಟ್ಟೆ ಕಟ್ಟಿದ್ದಾಯಿತು. ಕೈ ತೊಳೆದ ಮೇಲೆ ನಾನು ಫೋನಿನಲ್ಲಿ ಎಲ್ಲೆಲ್ಲಿ ಚಾಟು ಜೋಡಣೆಯಾಗಿದೆ ಎಂಬುದನ್ನು ತೋರಿಸುವ ಜಾಗವನ್ನು ಅತ್ತಿಗೆ ತೆರೆದು ತೋರಿಸಿದೆ. ಚನ್ನಣ್ಣನ ಕಂಪ್ಯೂಟರು ಅಲ್ಲಿ ಕುಳಿತಿತ್ತು. ಅತ್ತಿ ತಾವೇ ಬೆರಳಿಟ್ಟು ಅದನ್ನು ಕಳಚಿದರು. ಚನ್ನಣ್ಣ ಬಾಗಿಲ ಬಳಿ ನಿಂತು ನೋಡುತ್ತಿದ್ದ.

"ನಾ ಮನಿ ಮಂದಿ ಅಲ್ಲೇನ್ರಿ ಅತ್ತಿ?" ಎಂದು ಕೇಳಿದ.

"ಹೌದಪಾ. ಮನಿ ಮಂದಿನೂ ಬಾಗಲಾ ಬಡದ ಒಳಗ ಬರಬೇಕು" ಎಂದು ಅವನ ಪಾಲಿನ ಭರಣಿಯನ್ನು ಅವನ ಕೈಗೆ ಕೊಟ್ಟರು.

ಅವನ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಸಂಜೆಯೇ ತಾನು ಫೋನು ಮಾಡಿದ್ದ ರಾಯಚೂರು, ಬೀದರಿನ ಎಲ್ಲರಿಗೂ ಮತ್ತೆ ಫೋನು ಮಾಡಿ, ನಾನು ತಪ್ಪು ತಿಳಿದಿದ್ದೆ, ಅವರು ಇವರಲ್ಲ, ಮಾತನ್ನು ಇಲ್ಲಿಗೇ ಬಿಡಿ ಎಂದು ಹೇಳಿದನಂತೆ. ಶಶಿ ವೈನಿ ಹೇಳಿದ್ದು. ಒಂದು ಪತ್ತೆಯಾದ ಸಂಬಂಧವನ್ನು ತಾನೇ ತಪ್ಪೆಂದು ಹೇಳುವುದು ಚನ್ನಣ್ಣನಂಥವನಿಗೆ ಉಪವಾಸಕ್ಕಿಂತ ಕಠಿಣ. ಅದರಲ್ಲೂ ಲೆಕ್ಕ ಸರಿಯಾಗಿ ಕುಳಿತಿದ್ದಾಗ.

ಆದರೆ ಹಿತ್ತಲಬಾಗಿಲು ಮುಚ್ಚಿಯೇ ಇತ್ತು. ಗುಂಪಿನಲ್ಲೂ ಅವರ ಮಾತಿಲ್ಲ, ಅತ್ತಿಗೂ ಬರೆಯಲಿಲ್ಲ. ರೋಹಿಣಿಯ ಬಿಸಿಲು ಏರಿತು. ಅತ್ತಿ ಬೆಳಿಗ್ಗೆ ಮಾಳಿಗೆ ಹತ್ತುತ್ತಿದ್ದರು, ಆಕಾಶ ನೋಡುತ್ತಿದ್ದರು, ಫೋನು ತೆಗೆಯುತ್ತಿದ್ದರು, ಏನೂ ಬರೆಯದೆ ಇಳಿದು ಬರುತ್ತಿದ್ದರು. ಮಧ್ಯಾಹ್ನ ಕೂಲರಿನ ಎದುರು ಮಲಗಿದರೂ ಅವರು ಮಲಗುವ ಬಗೆಯೇ ಬೇರೆಯಾಗಿತ್ತು, ಯಾರೋ ಕರೆಯುತ್ತಾರೆಂದು ಕಾಯುವವರ ಹಾಗೆ ಒಂದು ಕೈ ನೆಲಕ್ಕೆ ಊರಿರುತ್ತಿತ್ತು. ಹೊಸ ಹೆಸರು ಇಟ್ಟುಕೊಳ್ಳಿ, ಬೇರೆಯವರಾಗಿ ಮತ್ತೆ ಸೇರೋಣ ಎಂದು ಒಮ್ಮೆ ಹೇಳಿದೆ.

"ಗಿಳಿಗೂಟ ಏನ್ ತಪ್ಪ ಮಾಡೇತಿ?" ಎಂದರು.

ಎಲ್ಲಕ್ಕಿಂತ ಕಷ್ಟವಾದದ್ದು ಚನ್ನಣ್ಣ ಹೇಳಿದ ಆ ಹೆಸರು ನನ್ನ ಬಾಯಲ್ಲಿ ಇರುವುದು. ರೊಟ್ಟಿ ತಟ್ಟುತ್ತಿದ್ದ ಅತ್ತಿ ಒಂದು ದಿನ ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

"ನಿನಗ ಗೊತ್ತೈತಿ."

"ಹೌದ್ರಿ."

"ಹೇಳಬ್ಯಾಡ."

"ಇಲ್ರಿ."

"ಗಂಡಸರೋ ಹೆಂಗಸರೋ, ಅದೂ ಹೇಳಬ್ಯಾಡ."

ಹೂಂ ಎಂದೆ. ಆ ಮಾತು ಕೊಟ್ಟ ಕಾರಣಕ್ಕೆ ಇಲ್ಲಿಯೂ ಬರೆಯುತ್ತಿಲ್ಲ. ಓದುವವರಲ್ಲಿ ನಮ್ಮ ಕಡೆಯವರೂ ಇರುತ್ತೀರಿ, ದಯವಿಟ್ಟು ಲೆಕ್ಕ ಹಾಕಲು ಹೋಗಬೇಡಿ. ಊರು, ಕಂದಕ, ಕಣ್ಣಿನ ಆಪರೇಷನ್ ಎಲ್ಲವನ್ನೂ ನಾನು ಬದಲಿಸಿ ಬರೆದಿದ್ದೇನೆ.

ಮೃಗಶಿರ ಹುಟ್ಟುವ ಹೊತ್ತಿಗೆ ಮೋಡ ಕಟ್ಟಿತು. ಆ ಸಂಜೆ ಗಾಳಿ ಮೊದಲು ಬಂತು, ತಂತಿಯ ಮೇಲಿನ ಗಾಳಿಪಟದ ಬಾಲಗಳೆಲ್ಲ ಹಾರಿಹೋದವು, ರ‍್ಯಾಂಕಿನ ಮಕ್ಕಳ ಮುಖಗಳು ಪಟಪಟ ಬಡಿದುಕೊಂಡವು. ಆಮೇಲೆ ದಪ್ಪ ಹನಿ. ನಾವು ಒಣಹಾಕಿದ ಬಟ್ಟೆ ಎಳೆದುಕೊಂಡು ಮಾಳಿಗೆಯ ಮೆಟ್ಟಿಲ ಸೂರಿನ ಕೆಳಗೆ ನಿಂತೆವು. ಒಳಗೆ ಹೋಗಿ ಕೂಲರ್ ಆರಿಸಿ ಬಂದೆ. ಎರಡು ತಿಂಗಳಿಂದ ಕಿವಿಯಲ್ಲಿ ತುಂಬಿಕೊಂಡಿದ್ದ ಆ ಗುನುಗು ನಿಂತ ಕೂಡಲೇ ಮಳೆಯ ಸದ್ದು ಎಷ್ಟೋ ದೂರದವರೆಗೂ ಕೇಳಿಸತೊಡಗಿತು. ಆಗ ಅತ್ತಿಯ ಫೋನು ಟಿಣ್ ಎಂದಿತು.

ಅವರು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ, ಆ ಬೇಸಿಗೆಯಲ್ಲಿ ಮೊದಲನೆಯ ಸಲ, ಫೋನನ್ನು ನನ್ನ ಕೈಗೆ ಕೊಟ್ಟು ಓದು ಎಂದರು.

"ಗಿಳಿಗೂಟದವರ, ಭಾಳ ದಿನ ಆತ್ರಿ. ಇಲ್ಲೆ ಮಳಿ ಶುರು ಆಗೇತಿ. ಒಂದ್ ಮಾತ ಹೇಳಬೇಕಿತ್ತು. ನಡುವ ಯಾರೋ ಒಬ್ಬರು ಫೋನ್ ಮಾಡಿ ನಿಮ್ಮ ಬಗ್ಗಿ ಏನೇನೋ ಹೇಳಿದ್ರು. ನನಗ ಕಿವಿ ಮಂದ ನೋಡ್ರಿ, ಒಂದೂ ಕೇಳಸಲಿಲ್ಲ. ತಪ್ಪ ತಿಳ್ಕೋಬ್ಯಾಡ್ರಿ. ನೀವು ಯಾರು ಅನ್ನೂದು ನನಗ ಗೊತ್ತಿಲ್ಲ."

ನಾನು ತಲೆಯೆತ್ತಿದೆ. ಅತ್ತಿಯ ಕಣ್ಣು ತುಂಬಿ ಬಂದಿತ್ತು, ಮುಖದಲ್ಲಿ ನಗುವಿತ್ತು.

"ಕಿವಿ ಮಂದಂತ" ಎಂದರು. "ಹತ್ತ ಹರದಾರಿ ದೂರದ ಗುಡುಗು ಕೇಳಿ, ಮಳಿ ಬರೂ ಹೊತ್ತ ಹೇಳ್ತಿದ್ರು ಇವರು."

ಸೂರಿನಿಂದ ಹನಿ ಸಿಡಿದು ಫೋನಿನ ಮೇಲೆ ಬೀಳುತ್ತಿತ್ತು. ಅತ್ತಿ ಸೆರಗಿನಿಂದ ಒರೆಸಿ, ಒಂದೊಂದೇ ಅಕ್ಷರ ಒತ್ತಿ, ಕಳಿಸುವ ಮುಂಚೆ ನನಗೆ ತೋರಿಸಿದರು.

"ಹೋಗಲಿ ಬಿಡ್ರಿ. ಆವತ್ತ ನನಗೂ ಏನೂ ಕೇಳಸಲಿಲ್ಲ."